ಅಮ್ಮನ ಯಕ್ಷಗಾನ ನಿಲ್ಲಬಾರದು, ನನ್ನ ಅಪ್‌ಲೋಡೂ ಮುಗಿಯಬೇಕು: ಮನೆಯ ನೆಟ್ ಹಂಚಿಕೊಳ್ಳುವ ಬಗೆ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಫ್ಲಾಟಿನಲ್ಲಿ ಶನಿವಾರ ರಾತ್ರಿ ಎಂದರೆ ಅಮ್ಮನ ಯಕ್ಷಗಾನ. ಊರ ಕಡೆ ಯಾವ ಮೇಳದ ಆಟ ಎಲ್ಲಿದೆ, ಯಾವ ಚಾನೆಲ್‌ನಲ್ಲಿ ಲೈವ್ ಬರುತ್ತದೆ ಎಂದು ಮಧ್ಯಾಹ್ನವೇ ಫೋನ್ ಮಾಡಿ ವಿಚಾರಿಸಿ ಇಟ್ಟಿರುತ್ತಾಳೆ. ನನ್ನದು ಮದುವೆ ವಿಡಿಯೋ ಎಡಿಟಿಂಗ್ ಕೆಲಸ. ಅವತ್ತು 10 ಜಿಬಿಯ ಒಂದು ಫೈಲನ್ನು ಗಿರಾಕಿಯ ಡ್ರೈವ್‌ಗೆ ಹಾಕಲು ಕೊಟ್ಟು ತಡವಾಗಿ ಊಟಕ್ಕೆ ಕೂತಿದ್ದೆ. ಟಿವಿಯಲ್ಲಿ ಚೆಂಡೆ ಏರುತ್ತಿತ್ತು. ದೊಂದಿ ಹಿಡಿದವರು ಸಾಲಾಗಿ ನಿಂತಿದ್ದರು. ಮಹಿಷಾಸುರ ಇನ್ನೇನು ಜನರ ನಡುವಿನಿಂದ ಬರಬೇಕು, ಅಷ್ಟರಲ್ಲಿ ಪರದೆ ನಿಂತಿತು. ನಡುವೆ ಬಿಳಿ ಉಂಗುರವೊಂದು ತಿರುಗತೊಡಗಿತು.

"ಎಂತದ್ದು ಮಾರಾಯ ಇದು, ಮಹಿಷಾಸುರ ಬರುವಾಗಲೇ ನಿಲ್ಲುವುದಾ?"

ಮರುದಿನ ಕೇಬಲ್‌ನವನಿಗೆ ಫೋನ್ ಮಾಡಿದೆ. "ಸಾಬ್, ಪ್ಲಾನ್ ಬಢಾ ಲೋ" ಎಂದ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಇದ್ದದ್ದನ್ನು 200ಕ್ಕೆ ಏರಿಸಿ, ಮೂರು ತಿಂಗಳ ದುಡ್ಡನ್ನು ಮುಂಗಡ ಕಟ್ಟಿದೆ. ಮುಂದಿನ ಶನಿವಾರವೂ ಅದೇ ಉಂಗುರ. ಕಾರಣ ಆಮೇಲೆ ಗೊತ್ತಾಯಿತು. ಏರಿದ್ದು ಡೌನ್‌ಲೋಡ್ ಮಾತ್ರ, ಅಪ್‌ಲೋಡ್ ಮೊದಲಿನ 20ರಲ್ಲೇ ಕೂತಿತ್ತು. ಮತ್ತೆ, ನಮ್ಮ ತೊಂದರೆ ವೇಗದ್ದಾಗಿರಲೇ ಇಲ್ಲ, ಕ್ಯೂದ್ದಾಗಿತ್ತು. ಅದು ಗೊತ್ತಾದ ಮೇಲೆ ಹಳೆಯ 100ರ ಪ್ಲಾನಿಗೇ ವಾಪಸ್ ಬಂದೆ. ಈಗ ಅದರಲ್ಲೇ ಎಲ್ಲ ನಡೆಯುತ್ತಿದೆ. ನಾನು ಮಾಡಿದ್ದನ್ನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ.

ಅಪ್‌ಲೋಡ್ ಮಾಡಿದರೆ ಡೌನ್‌ಲೋಡ್ ಯಾಕೆ ನಿಲ್ಲಬೇಕು?

ನನಗೂ ಮೊದಲು ಅರ್ಥವಾಗದಿದ್ದದ್ದು ಇದೇ. ನಾನು ಕಳಿಸುತ್ತಿದ್ದೇನೆ, ಅಮ್ಮ ತರಿಸಿಕೊಳ್ಳುತ್ತಿದ್ದಾಳೆ. ಎರಡೂ ಬೇರೆ ಬೇರೆ ದಿಕ್ಕು ಅಲ್ವಾ?

ಮಾಟುಂಗದ ಯಾವುದಾದರೂ ಉಡುಪಿ ಹೋಟೆಲಿನ ಭಾನುವಾರದ ಬೆಳಗ್ಗೆಯನ್ನು ನೆನೆದುಕೊಳ್ಳಿ. ಕೌಂಟರಿನಲ್ಲಿ ಒಬ್ಬ 200 ಇಡ್ಲಿ ಪಾರ್ಸೆಲ್ ಹೇಳಿ ನಿಂತಿದ್ದಾನೆ. ಅವನ ಹಿಂದೆ ನಿಂತವರಿಗೆ ಬೇಕಾದದ್ದು ಒಂದೇ ಒಂದು ಕಾಫಿ. ಕ್ಯೂ ಒಂದೇ ಆದರೆ ಕಾಫಿಯವರು 200 ಇಡ್ಲಿ ಕಟ್ಟಿ ಮುಗಿಯುವ ತನಕ ಕಾಯಬೇಕು. ಅಡುಗೆಮನೆಯನ್ನು ದೊಡ್ಡದು ಮಾಡಿದರೂ 200ರವನು ನಾಳೆ 400 ಕೇಳುತ್ತಾನೆ, ಕಾಫಿಯವರು ಅಲ್ಲೇ ನಿಂತಿರುತ್ತಾರೆ.

ಟಿವಿ ವಿಡಿಯೋ ತರಿಸಿಕೊಳ್ಳುವಾಗ ಸುಮ್ಮನೆ ಕೂತಿರುವುದಿಲ್ಲ. "ಬಂತು, ಬಂತು, ಮುಂದಿನದು ಕಳಿಸಿ" ಎಂದು ಪುಟ್ಟ ಪುಟ್ಟ ಚೀಟಿಗಳನ್ನು ಆ ಕಡೆಯ ಸರ್ವರಿಗೆ ಕಳಿಸುತ್ತಲೇ ಇರುತ್ತದೆ. ಆ ಚೀಟಿ ಹೋಗುವುದು ಅಪ್‌ಲೋಡ್ ದಾರಿಯಲ್ಲಿ. ನನ್ನ 10 ಜಿಬಿಯ ಹಿಂದೆ ಅವು ಸಿಕ್ಕಿಬಿದ್ದವು. ಚೀಟಿ ತಲುಪದೆ ಆ ಕಡೆಯವರು ಮುಂದಿನ ತುಂಡು ಕಳಿಸುವುದಿಲ್ಲ. ಮಾಮೂಲಿ ವಿಡಿಯೋ ಆದರೆ ಟಿವಿಯ ಬಳಿ ಮುಂದಿನ ಅರ್ಧ ನಿಮಿಷದ್ದೋ ಒಂದು ನಿಮಿಷದ್ದೋ ದಾಸ್ತಾನು ಇರುತ್ತದೆ, ಹೇಗೋ ಸುಧಾರಿಸುತ್ತದೆ. ಲೈವ್‌ನಲ್ಲಿ ದಾಸ್ತಾನು ಕಡಿಮೆ. ವಿಡಿಯೋ ಕಾಲ್‌ನಲ್ಲಂತೂ ಇಲ್ಲವೇ ಇಲ್ಲ ಎನ್ನಬಹುದು.

ಈ ಕ್ಯೂ ಎಷ್ಟು ಉದ್ದ ಬೆಳೆಯಬಹುದು? ರೂಟರಿನಲ್ಲೋ ಫೈಬರ್ ಬಾಕ್ಸಿನಲ್ಲೋ 2 ಎಂಬಿಯಷ್ಟು ಜಾಗ ಇದೆ ಎಂದುಕೊಳ್ಳಿ. ಒಂದು ಬೈಟಿಗೆ 8 ಬಿಟ್, ಅಂದರೆ 16 ಮೆಗಾಬಿಟ್. ಹೊರಹೋಗುವ ದಾರಿ ಸೆಕೆಂಡಿಗೆ 20 ಮೆಗಾಬಿಟ್. 16ನ್ನು 20ರಿಂದ ಭಾಗಿಸಿದರೆ 0.8 ಸೆಕೆಂಡ್. ನೆಟ್‌ನಲ್ಲಿ ಎಲ್ಲವೂ ಪ್ಯಾಕೆಟ್ ಎಂಬ ಪುಟ್ಟ ತುಂಡುಗಳಾಗಿ ಹೋಗುತ್ತದೆ; ಹೊಸದಾಗಿ ಬಂದ ಪ್ರತಿ ಪ್ಯಾಕೆಟ್ಟೂ 800 ಮಿಲಿಸೆಕೆಂಡ್ ನಿಂತು ಹೋಗಬೇಕು. ಮಾತುಕತೆ ಸಲೀಸಾಗಿ ನಡೆಯಬೇಕಾದರೆ ಒಂದು ಕಡೆಯ ತಡ 150 ಮಿಲಿಸೆಕೆಂಡಿನ ಒಳಗಿರಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಆಫೀಸ್ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತು ಶುರು ಮಾಡಿ, ಇಬ್ಬರೂ ಒಟ್ಟಿಗೆ "ಸಾರಿ, ನೀವು ಹೇಳಿ" ಎನ್ನುವುದು ಈ ತಡದಿಂದಲೇ.

ಫೈಲ್ ಕಳಿಸುವ ಟಿಸಿಪಿ ಎಂಬ ವ್ಯವಸ್ಥೆಯ ಸ್ವಭಾವವೇ ಹಾಗೆ. ಮೂಗು ಗೋಡೆಗೆ ತಾಗುವ ತನಕ ಓಡುತ್ತದೆ. ಸಾಮಾನ್ಯವಾಗಿ ಪ್ಯಾಕೆಟ್ ಕಳೆದುಹೋದಾಗ ಮಾತ್ರ "ಓಹೋ, ಜಾಸ್ತಿಯಾಯಿತು" ಎಂದು ನಿಧಾನವಾಗುತ್ತದೆ. ಹಾಗೆ ನಿಧಾನವಾಗುವುದನ್ನು ಅದಕ್ಕೆ ಕಲಿಸಿದ್ದೂ ಒಂದು ಕಥೆ. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಿಂದ 400 ಗಜ ದೂರದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಇದ್ದ ಸಂಪರ್ಕ ದಟ್ಟಣೆಯಿಂದ ಕುಸಿಯಿತು. ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದಲ್ಲಿ 40 ಬಿಟ್ ಹೋಗತೊಡಗಿತು. 40 ಸಾವಿರ ಅಲ್ಲ, ಬರೀ 40. ಅದೇ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ 1988ರಲ್ಲಿ ಅದಕ್ಕೆ ಮದ್ದು ಬರೆದರು. ಆ ಮದ್ದು ಇಂದಿಗೂ ಪ್ಯಾಕೆಟ್ ಕಳೆದುಹೋಗುವುದನ್ನೇ ನಂಬಿಕೊಂಡಿದೆ. ಆದರೆ ಆಮೇಲೆ ಮೆಮರಿ ಅಗ್ಗವಾಯಿತು. ಬಾಕ್ಸ್ ಮಾಡುವವರು ಒಂದು ಪ್ಯಾಕೆಟ್ಟೂ ಕಳೆಯಬಾರದು ಎಂದು ದೊಡ್ಡ ದೊಡ್ಡ ಬಫರ್, ಅಂದರೆ ಪ್ಯಾಕೆಟ್ ಕಾಯುವ ಜಾಗ, ಇಟ್ಟರು. ಗೋಡೆ ದೂರ ಹೋಯಿತು, ಕ್ಯೂ ಉದ್ದವಾಯಿತು. ಇದಕ್ಕೆ ಬಫರ್‌ಬ್ಲೋಟ್ ಎಂಬ ಹೆಸರಿದೆ. ನಮ್ಮ ಮನೆಯ ಕಾಯಿಲೆಯ ಹೆಸರೂ ಅದೇ.

ಮೊದಲು ಅಳೆಯಿರಿ

ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿ ನೋಡಿ ಮೋಸ ಹೋಗಬೇಡಿ. ನೋಡಬೇಕಾದದ್ದು ದಾರಿ ತುಂಬಿದಾಗ ಪಿಂಗ್ (ಒಂದು ಪುಟ್ಟ ಪ್ಯಾಕೆಟ್ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು) ಎಷ್ಟಾಗುತ್ತದೆ ಎಂಬುದನ್ನು.

ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ನೇರ ರೂಟರಿಗೆ ಚುಚ್ಚಿ. ವೈಫೈ ಮೇಲೆ ಅಳೆದರೆ ತಪ್ಪು ಯಾರದೆಂದು ಗೊತ್ತಾಗುವುದಿಲ್ಲ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪಿಂಗ್ ಆಜ್ಞೆಗೆ ಹೈಫನ್ ಟಿ ಸೇರಿಸಿ, ಗೂಗಲ್‌ನವರ 8.8.8.8 ಎಂಬ ವಿಳಾಸ ಕೊಡಿ. ಸಾಲುಗಳು ಒಂದರ ಕೆಳಗೊಂದು ಓಡುತ್ತವೆ. ಒಂದು ನಿಮಿಷ ಸುಮ್ನೆ ನೋಡಿ. ಆಮೇಲೆ ಒಂದು ದೊಡ್ಡ ಫೈಲನ್ನು ಡ್ರೈವ್‌ಗೆ ಹಾಕಲು ಕೊಟ್ಟು ಮತ್ತೆ ಅದೇ ಕಿಟಕಿ ನೋಡಿ.

ನಮ್ಮಲ್ಲಿ ಮೊದಲು 6, 6, 7, 6 ಮಿಲಿಸೆಕೆಂಡ್ ಎಂದು ಬರುತ್ತಿತ್ತು. ಅಪ್‌ಲೋಡ್ ಶುರುವಾಗಿ ಮೂರನೆಯ ಸೆಕೆಂಡಿಗೆ 140, ಆಮೇಲೆ 410, ಆಮೇಲೆ 780. ಅಲ್ಲಿಂದ ಇಳಿಯಲೇ ಇಲ್ಲ. ಅಪ್‌ಲೋಡ್ ನಿಲ್ಲಿಸಿದ ಕೂಡಲೇ ಮತ್ತೆ 6. ಇಷ್ಟು ಸ್ಪಷ್ಟವಾಗಿ ಕಂಡರೆ ಬೇರೆ ಸಾಕ್ಷಿ ಬೇಡ.

ಕಪ್ಪು ಕಿಟಕಿ ಬೇಡ ಎನ್ನುವವರಿಗೆ ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್ ಇದೆ. ಅಲ್ಲಿ ಹೆಚ್ಚಿನ ಮಾಹಿತಿ ಎಂಬುದನ್ನು ಒತ್ತಿದರೆ ಸುಮ್ಮನಿದ್ದಾಗಿನ ತಡ ಮತ್ತು ಲೋಡ್ ಇದ್ದಾಗಿನ ತಡ ಎರಡನ್ನೂ ತೋರಿಸುತ್ತದೆ. ಎರಡರ ನಡುವೆ 20–30 ಮಿಲಿಸೆಕೆಂಡ್ ಅಂತರ ಇದ್ದರೆ ನೀವು ಪುಣ್ಯವಂತರು. ನೂರು ದಾಟಿದರೆ ಮುಂದೆ ಓದಿ.

ಒಮ್ಮೆ ಮಧ್ಯಾಹ್ನ, ಒಮ್ಮೆ ರಾತ್ರಿ 9ಕ್ಕೆ ಅಳೆಯಿರಿ. ರಾತ್ರಿ ಇಡೀ ಸೊಸೈಟಿ ಟಿವಿ ಮುಂದೆ ಕೂತಿರುತ್ತದೆ. ನಮ್ಮಲ್ಲಿ ಮಧ್ಯಾಹ್ನ 20 ಬರುವ ಅಪ್‌ಲೋಡ್ ರಾತ್ರಿಯೂ 20ರ ಆಸುಪಾಸು ಇತ್ತು, ಡೌನ್‌ಲೋಡ್ ಮಾತ್ರ 100ರಿಂದ 92ಕ್ಕೆ ಇಳಿಯುತ್ತಿತ್ತು. ಕಡಿಮೆ ಬಂದ ಅಂಕಿಯನ್ನೇ ಬರೆದಿಟ್ಟುಕೊಳ್ಳಿ, ಮುಂದೆ ಅದೇ ಬೇಕು.

ಯಾರಿಗೆ ಎಷ್ಟು ಬೇಕು

ಇದು ಬೇಗ ಮುಗಿಯುತ್ತದೆ. 1080ಪಿ ವಿಡಿಯೋಗೆ ನೆಟ್‌ಫ್ಲಿಕ್ಸೂ ಯೂಟ್ಯೂಬೂ ಕೇಳುವುದು ಸುಮಾರು 5 ಎಂಬಿಪಿಎಸ್. 4ಕೆ ಆದರೆ ನೆಟ್‌ಫ್ಲಿಕ್ಸಿಗೆ 15, ಯೂಟ್ಯೂಬಿಗೆ 20. ಜೂಮ್ ಗುಂಪು ಕಾಲ್‌ನಲ್ಲಿ ನಿಮ್ಮ ಮುಖವನ್ನು 720ಪಿಯಲ್ಲಿ ಕಳಿಸಲು 3ರೊಳಗೆ ಸಾಕು, 1080ಪಿಗೆ 4ರ ಹತ್ತಿರ. ಬರೀ ಮಾತಾದರೆ 0.1 ಸಾಕು.

ಅಂದರೆ ಅಮ್ಮನ ಆಟ, ಹೆಂಡತಿಯ ಆಫೀಸ್ ಕಾಲ್, ಮಗಳ ಕ್ಲಾಸ್ ಎಲ್ಲ ಸೇರಿದರೂ ಡೌನ್‌ಲೋಡ್ 20 ದಾಟುವುದಿಲ್ಲ, ಅಪ್‌ಲೋಡ್ 8 ದಾಟುವುದಿಲ್ಲ. 100ರ ಪ್ಲಾನ್ ಬೇಕಾದಷ್ಟಾಯಿತು. ಉಳಿದದ್ದೆಲ್ಲ ಫೈಲುಗಳಿಗೆ. ಫೈಲಿಗೆ ಹತ್ತು ನಿಮಿಷ ತಡವಾದರೆ ಏನೂ ಆಗುವುದಿಲ್ಲ. ಮಾತಿಗೆ ಅರ್ಧ ಸೆಕೆಂಡ್ ತಡವಾದರೂ ಆಗುತ್ತದೆ. ಹಂಚಿಕೆ ಎಂದರೆ ಸಮಪಾಲು ಅಲ್ಲ, ಕಾಯಬಲ್ಲವರು ಕಾಯುವಂತೆ ಮಾಡುವುದು.

ದುಡ್ಡು ಖರ್ಚಿಲ್ಲದ ಹೆಜ್ಜೆ: ಆ್ಯಪ್‌ನಲ್ಲೇ ಕಡಿವಾಣ

ಮೊದಲ ವಾರ ನಾನು ಮಾಡಿದ್ದು ಇಷ್ಟೇ. ಗೂಗಲ್ ಡ್ರೈವ್‌ನ ಕಂಪ್ಯೂಟರ್ ಆ್ಯಪ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್, ಫೈಲ್‌ಜಿಲ್ಲಾ ಎಲ್ಲದರ ಸೆಟ್ಟಿಂಗ್ಸ್‌ನಲ್ಲೂ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕುವ ಜಾಗ ಇದೆ. ನಿಮ್ಮ ಅಪ್‌ಲೋಡ್‌ನ 70 ಶೇಕಡಾದಷ್ಟು ಕೊಡಿ. 20ಕ್ಕೆ 14.

ಇಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದೆ. ಪ್ಲಾನ್ ಮಾರುವವರ ಲೆಕ್ಕ ಬಿಟ್‌ನಲ್ಲಿ, ಈ ಆ್ಯಪ್‌ಗಳ ಲೆಕ್ಕ ಬೈಟಿನಲ್ಲಿ. 14 ಎಂಬಿಪಿಎಸ್ ಎಂದುಕೊಂಡು ನಾನು 14000 ಎಂದು ತುಂಬಿದೆ. ಅದು ಸೆಕೆಂಡಿಗೆ 14 ಸಾವಿರ ಕಿಲೋಬೈಟ್, ಅಂದರೆ 112 ಎಂಬಿಪಿಎಸ್. ಇರುವುದೇ 20, ಮಿತಿ 112! ಸರಿಯಾದ ಅಂಕಿ 14000 ಭಾಗಿಸು 8, ಅಂದರೆ 1750. ಫೈಲ್ ನಕಲಿಸುವ ಆರ್‌ಸಿಂಕ್, ಆರ್‌ಕ್ಲೋನ್ ಎಂಬ ತಂತ್ರಾಂಶ ಬಳಸುವವರ ಬಿಡಬ್ಲ್ಯೂ-ಲಿಮಿಟ್ ಕೂಡ ಬೈಟಿನ ಲೆಕ್ಕವೇ. ಆರ್‌ಕ್ಲೋನ್‌ನಲ್ಲಿ ಒಂದು ಸುಖ ಇದೆ: ವೇಳಾಪಟ್ಟಿಯನ್ನೇ ಕೊಡಬಹುದು. ಬೆಳಗ್ಗೆ 8ರಿಂದ ಇಷ್ಟು, ರಾತ್ರಿ 1ರ ನಂತರ ಮಿತಿಯೇ ಇಲ್ಲ ಎಂದು. ನನ್ನ ದೊಡ್ಡ ಫೈಲುಗಳೆಲ್ಲ ಈಗ ಮೊದಲ ಲೋಕಲ್ ರೈಲು ಹೊರಡುವ ಮುಂಚೆ ಹೋಗಿ ಮುಟ್ಟಿರುತ್ತವೆ.

ಕದ್ದು ತಿನ್ನುವವರನ್ನೂ ಹುಡುಕಿ. ವಿಂಡೋಸ್ ಅಪ್‌ಡೇಟ್‌ನ ಒಳಗೆ ಡೆಲಿವರಿ ಆಪ್ಟಿಮೈಸೇಶನ್ ಎಂಬುದಿದೆ. ಇಂಟರ್ನೆಟ್ಟಿನ ಬೇರೆಯವರ ಕಂಪ್ಯೂಟರುಗಳಿಗೂ ಅಪ್‌ಡೇಟ್ ಹಂಚುವ ಆಯ್ಕೆ ಅಲ್ಲಿ ಆನ್ ಆಗಿದ್ದರೆ ಆಫ್ ಮಾಡಿ. ಫೋನುಗಳ ಫೋಟೋ ಬ್ಯಾಕಪ್ ಇನ್ನೊಂದು. ಅದಕ್ಕೆ ವೈಫೈ ಸಿಕ್ಕಿದರೆ ಸಾಕು. ಮಂಗಳೂರಿನ ಮದುವೆ ಮುಗಿಸಿ ರೈಲಿನಿಂದ ಇಳಿದು ನಾಲ್ವರು ಮನೆಯೊಳಗೆ ಕಾಲಿಟ್ಟ ಕೂಡಲೇ ನಾಲ್ಕು ಫೋನುಗಳೂ 600 ಫೋಟೋಗಳನ್ನು ಒಟ್ಟಿಗೆ ಮೇಲೆ ಎಸೆಯತೊಡಗುತ್ತವೆ. ಇದನ್ನು ಆ್ಯಪ್ ಆ್ಯಪ್ ಹಿಡಿದು ಕಟ್ಟಿಹಾಕುವುದು ಆಗದ ಮಾತು. ಅಲ್ಲಿಗೆ ಬೇಕಾದದ್ದು ರೂಟರಿನ ಮದ್ದು.

ಅಸಲಿ ಮದ್ದು: ರೂಟರಿನಲ್ಲಿ ಕ್ಯೂ

ಮತ್ತೆ ಹೋಟೆಲಿಗೆ ಬನ್ನಿ. ಒಳ್ಳೆಯ ಕ್ಯಾಷಿಯರ್ ಏನು ಮಾಡುತ್ತಾನೆ? ಪಾರ್ಸೆಲ್‌ನವನಿಗೆ ಒಂದು ಪ್ಲೇಟ್ ಕಟ್ಟಿಸಿ, ನಡುವೆ ಒಂದು ಕಾಫಿ ದಾಟಿಸುತ್ತಾನೆ. ಮತ್ತೆ ಒಂದು ಪ್ಲೇಟ್, ಮತ್ತೆ ಇನ್ನೊಬ್ಬರ ಚಹಾ. ಪಾರ್ಸೆಲ್‌ನವನಿಗೆ ಗೊತ್ತೇ ಆಗುವುದಿಲ್ಲ. ಕಾಫಿಯವರು ಖುಷಿಯಾಗಿ ಹೋಗುತ್ತಾರೆ. ರೂಟರಿನಲ್ಲಿ ಈ ಕೆಲಸ ಮಾಡುವ ತಂತ್ರಾಂಶಕ್ಕೆ ಎಫ್‌ಕ್ಯೂ-ಕೋಡಲ್ ಎಂದು ಹೆಸರು. ಅದರ ಮುಂದಿನ ತಲೆಮಾರು ಕೇಕ್.

ಕೋಡಲ್ ಭಾಗವನ್ನು 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್ಸನ್ ಬರೆದರು. ಅದರ ಜಾಣತನ ನನಗೆ ಬಹಳ ಇಷ್ಟ. ಕ್ಯೂ ಎಷ್ಟು ಉದ್ದ ಎಂದು ಅದು ನೋಡುವುದೇ ಇಲ್ಲ. ಪ್ಯಾಕೆಟ್ ಎಷ್ಟು ಹೊತ್ತು ನಿಂತಿತು ಎಂದು ನೋಡುತ್ತದೆ. ಕಾಯುವ ಹೊತ್ತು 5 ಮಿಲಿಸೆಕೆಂಡಿಗಿಂತ ಜಾಸ್ತಿಯಾಗಿ, 100 ಮಿಲಿಸೆಕೆಂಡ್ ತನಕ ಇಳಿಯದೇ ಇದ್ದರೆ ಒಂದು ಪ್ಯಾಕೆಟ್ಟನ್ನು ಬೇಕೆಂದೇ ಬಿಸಾಡುತ್ತದೆ. ಕಳಿಸುವವನಿಗೆ ಅದೇ ಸೂಚನೆ, ನಿಧಾನವಾಗುತ್ತಾನೆ. ಕೇಕ್ 2018ರಲ್ಲಿ ಲಿನಕ್ಸ್ 4.19ರ ಜೊತೆ ಸೇರಿತು.

ಇದು ಬೇಕೆಂದರೆ ಓಪನ್‌ವರ್ಟ್ ಎಂಬ ಉಚಿತ ರೂಟರ್ ತಂತ್ರಾಂಶ ಹಾಕಬಹುದಾದ ರೂಟರ್ ಬೇಕು. ಕೆಲವು ರೂಟರುಗಳಲ್ಲಿ ಎಸ್‌ಕ್ಯೂಎಂ (ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್) ಎಂಬ ಹೆಸರಿನಲ್ಲಿ ಮೊದಲೇ ಇರುತ್ತದೆ. ಕೇಬಲ್‌ನವರು ಕೊಟ್ಟ ಬಾಕ್ಸಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಇದ್ದರೂ ಪಾಸ್‌ವರ್ಡ್ ಕೊಡುವುದಿಲ್ಲ. ಅದರ ಜೊತೆ ಜಗಳ ಬೇಡ. ಆ ಬಾಕ್ಸಿನ ಲ್ಯಾನ್ ತೂತಿನಿಂದ ನಿಮ್ಮ ರೂಟರಿನ ವ್ಯಾನ್ (ಹೊರಗಿನ ನೆಟ್ ಬರುವ) ತೂತಿಗೆ ಕೇಬಲ್ ಹಾಕಿ. ಬಾಕ್ಸಿನ ವೈಫೈ ಆಫ್ ಮಾಡಿಸಿ. ಮನೆಯ ಎಲ್ಲ ಸಾಧನಗಳೂ ನಿಮ್ಮ ರೂಟರಿನ ಹಿಂದೆಯೇ ಇರಬೇಕು. ಒಂದು ಫೋನ್ ಹಳೆಯ ವೈಫೈಗೆ ಅಂಟಿಕೊಂಡಿದ್ದರೂ ಲೆಕ್ಕ ತಪ್ಪುತ್ತದೆ.

ಆಮೇಲೆ ಓಪನ್‌ವರ್ಟ್‌ನಲ್ಲಿ ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ, ಅದರ ಪುಟದಲ್ಲಿ ಇವಿಷ್ಟು ತುಂಬಿ. ಇಂಟರ್‌ಫೇಸ್: ವ್ಯಾನ್. ಕ್ಯೂ ಬಗೆ: ಕೇಕ್. ಸ್ಕ್ರಿಪ್ಟ್: ಪೀಸ್ ಆಫ್ ಕೇಕ್. ಲಿಂಕ್ ಲೇಯರ್: ಈಥರ್ನೆಟ್, ಓವರ್‌ಹೆಡ್ 44 ಕೊಟ್ಟರೆ ನಿಶ್ಚಿಂತೆ. ವೇಗ: ರಾತ್ರಿ ಅಳೆದ ಅಂಕಿಯ 90 ಶೇಕಡಾ. ಇಲ್ಲಿನ ಲೆಕ್ಕ ಕಿಲೋಬಿಟ್, ಕಿಲೋಬೈಟ್ ಅಲ್ಲ! ನನ್ನದು ಅಪ್‌ಲೋಡ್ 18000, ಡೌನ್‌ಲೋಡ್ 82000.

ಕೊಟ್ಟ ದುಡ್ಡಿನ 10 ಶೇಕಡಾ ಯಾಕೆ ಬಿಡಬೇಕು ಎಂದು ಹೊಟ್ಟೆ ಉರಿಯುತ್ತದೆ, ಗೊತ್ತು. ಕಾರಣ ಇದು: ಕ್ಯೂ ಯಾವಾಗಲೂ ದಾರಿಯ ಅತ್ಯಂತ ಕಿರಿದಾದ ಜಾಗದಲ್ಲಿ ಹುಟ್ಟುತ್ತದೆ. ಆ ಜಾಗ ಕೇಬಲ್‌ನವರ ಬಾಕ್ಸಿನಲ್ಲಿದ್ದರೆ ನಿಮ್ಮ ಜಾಣ ಕ್ಯಾಷಿಯರ್‌ಗೆ ಕೆಲಸವೇ ಇಲ್ಲ, ಅವನ ಕೌಂಟರ್ ಖಾಲಿ. ನಿಮ್ಮ ರೂಟರೇ ಸ್ವಲ್ಪ ಕಿರಿದಾದರೆ ಕ್ಯೂ ಅದರ ಮುಂದೆ ನಿಲ್ಲುತ್ತದೆ. ಈಗ ನಷ್ಟದ ಲೆಕ್ಕ ನೋಡಿ. 10 ಜಿಬಿ ಎಂದರೆ 80,000 ಮೆಗಾಬಿಟ್. 20ರ ವೇಗದಲ್ಲಿ 67 ನಿಮಿಷ, 18ರಲ್ಲಿ 74. ಏಳು ನಿಮಿಷಕ್ಕೆ ಮಹಿಷಾಸುರ ಸಿಕ್ಕಿದ.

ಡೌನ್‌ಲೋಡ್ ಕಡೆ ಸ್ವಲ್ಪ ಕಷ್ಟ ಜಾಸ್ತಿ. ಅಲ್ಲಿ ಕ್ಯೂ ಹುಟ್ಟುವುದು ಕೇಬಲ್‌ನವರ ತುದಿಯಲ್ಲಿ. ನಮ್ಮ ರೂಟರ್ ಬಂದ ಪ್ಯಾಕೆಟ್ಟನ್ನು ಬಿಸಾಡಿ ಕಳಿಸುವವನಿಗೆ ಸುದ್ದಿ ಮುಟ್ಟಿಸಬೇಕು. ಹಾಗಾಗಿ ಪಿಂಗ್ ಇನ್ನೂ ಏರುತ್ತಿದ್ದರೆ 85 ಶೇಕಡಾಕ್ಕೆ ಇಳಿಸಿ. ಅಪ್‌ಲೋಡ್ ಹಾಕಿಕೊಂಡೇ ಪಿಂಗ್ ಕಿಟಕಿ ನೋಡುತ್ತಾ 500 ಕಿಲೋಬಿಟ್‌ನಂತೆ ಏರಿಸಿ, ಎಲ್ಲಿ ಕೆಡುತ್ತದೋ ಅಲ್ಲಿಂದ ಒಂದು ಹೆಜ್ಜೆ ಹಿಂದೆ ಬನ್ನಿ. ನನ್ನ ಕಿಟಕಿಯಲ್ಲಿ 780 ಇದ್ದದ್ದು ಈಗ 9, 11, 8.

ಎರಡು ಮಾತು ಮರೆಯಬೇಡಿ. ಎಸ್‌ಕ್ಯೂಎಂಗೆ ರೂಟರಿನ ಪ್ರೊಸೆಸರ್ ದುಡಿಯಬೇಕು. 300–500ರ ಪ್ಲಾನ್ ಇದ್ದು ರೂಟರ್ ಹಳೆಯದಾದರೆ ವೇಗ ಬಿದ್ದುಹೋಗುತ್ತದೆ. ಆಗ ಅಪ್‌ಲೋಡ್‌ಗೆ ಮಾತ್ರ ಹಾಕಿ, ಡೌನ್‌ಲೋಡ್ ಜಾಗದಲ್ಲಿ 0 ಬರೆಯಿರಿ, ಮುಕ್ಕಾಲು ಪಾಲು ತೊಂದರೆ ಅಲ್ಲೇ ತೀರುತ್ತದೆ. ಹಾಗೆಯೇ ಫ್ಲೋ ಆಫ್‌ಲೋಡಿಂಗ್ ಎಂಬ ಆಯ್ಕೆ ಆನ್ ಇದ್ದರೆ ಆಫ್ ಮಾಡಿ. ಅದು ಪ್ಯಾಕೆಟ್ಟುಗಳನ್ನು ಕ್ಯಾಷಿಯರ್‌ಗೆ ಕಾಣದಂತೆ ಹಿಂಬಾಗಿಲಿನಿಂದ ದಾಟಿಸುತ್ತದೆ.

ಇನ್ನೊಂದು ಸೂಕ್ಷ್ಮ. ಟೊರೆಂಟಿನಂಥ ಆ್ಯಪ್ ಒಂದೇ ಸಲ ಐವತ್ತು ಸಂಪರ್ಕ ತೆರೆಯುತ್ತದೆ. ಒಬ್ಬನೇ ಐವತ್ತು ಹುಡುಗರನ್ನು ಕ್ಯೂದಲ್ಲಿ ನಿಲ್ಲಿಸಿದ ಹಾಗೆ. ಕೇಕ್‌ಗೆ "ನೀವೆಲ್ಲ ಯಾವ ಮನೆಯವರು?" ಎಂದು ಕೇಳಲು ಬರುತ್ತದೆ. ಎಸ್‌ಕ್ಯೂಎಂನ ಮುಂದುವರಿದ ಆಯ್ಕೆಗಳಲ್ಲಿ ಅಪ್‌ಲೋಡ್‌ಗೆ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್, ಡೌನ್‌ಲೋಡ್‌ಗೆ ಡ್ಯುಯಲ್-ಡಿಎಸ್‌ಟಿಹೋಸ್ಟ್, ಎರಡಕ್ಕೂ ನ್ಯಾಟ್ ಸೇರಿಸಿ. ಆಗ ಪಾಲು ಸಾಧನಕ್ಕೊಂದರಂತೆ ಬೀಳುತ್ತದೆ.

ರೂಟರಿನಲ್ಲಿ ಬರೀ ಕ್ಯೂಒಎಸ್ ಎಂದಿದ್ದು, ಯಾವ ಸಾಧನಕ್ಕೆ ಆದ್ಯತೆ ಎಂದು ಕೇಳಿದರೆ? ಅದೂ ಪರವಾಗಿಲ್ಲ, ಆದರೆ ಒಟ್ಟು ವೇಗದ ಜಾಗದಲ್ಲಿ ಇದೇ 90 ಶೇಕಡಾದ ಅಂಕಿ ತುಂಬಿ. ಅದನ್ನು ಖಾಲಿ ಬಿಟ್ಟರೆ ಆದ್ಯತೆ ಬರೀ ಹೆಸರಿಗೆ. "ಗೇಮಿಂಗ್" ಎಂದು ಕೊಂಬು ಇಟ್ಟುಕೊಂಡು ಬರುವ ರೂಟರುಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ವೈಫೈ ಮತ್ತು ಟಿವಿ

ಪಿಂಗ್ ಕೇಬಲ್‌ನಲ್ಲಿ ಚೆನ್ನಾಗಿದ್ದು ವೈಫೈನಲ್ಲಿ ಕುಣಿಯುತ್ತಿದ್ದರೆ ತೊಂದರೆ ಗಾಳಿಯಲ್ಲಿದೆ. ನಮ್ಮ ಬಿಲ್ಡಿಂಗಿನಲ್ಲಿ ಫೋನ್ ತೆರೆದರೆ ಇಪ್ಪತ್ತಾರು ವೈಫೈ ಹೆಸರು ಕಾಣುತ್ತವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಆ ಮೂರರ ಮೇಲೆ ಇಪ್ಪತ್ತಾರು ಮನೆ! ಟಿವಿಗೆ ಲ್ಯಾನ್ ಕೇಬಲ್ ಎಳೆದುಬಿಡಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗುವವರಿದ್ದರೆ ಹತ್ತು ಮೀಟರ್ ತರಿಸಿ, ಗೋಡೆಯ ಬುಡದಲ್ಲಿ ಓಡಿಸಿ. ಹಲವು ಟಿವಿಗಳ ಲ್ಯಾನ್ ತೂತು 100 ಎಂಬಿಪಿಎಸ್‌ನದೇ, 4ಕೆಗೆ ಅಷ್ಟು ಧಾರಾಳ. ಆಗದಿದ್ದರೆ 5 ಗಿಗಾಹರ್ಟ್ಸ್‌ಗೆ ಹಾಕಿ, ರೂಟರನ್ನು ಟಿವಿ ಇರುವ ಕೋಣೆಯಲ್ಲೇ ಇಡಿ.

ಲೈವ್ ನೋಡುವಾಗ ಒಂದು ಉಪಾಯ. ಶುರುವಿನಲ್ಲೇ ಒಂದು ನಿಮಿಷ ನಿಲ್ಲಿಸಿ ಮತ್ತೆ ಬಿಡಿ. ಹಿಂದಕ್ಕೆ ಸರಿಸಿ ನೋಡಲು ಚಾನೆಲ್‌ನವರು ಬಿಟ್ಟಿದ್ದರೆ ನೀವು ಒಂದು ನಿಮಿಷ ಹಿಂದೆ ಇರುತ್ತೀರಿ, ಟಿವಿಗೆ ಅಷ್ಟು ದಾಸ್ತಾನು ಸಿಗುತ್ತದೆ. ಅಮ್ಮನ ತಕರಾರು ಒಂದೇ. ಉಡುಪಿಯಿಂದ ಚಿಕ್ಕಮ್ಮ ಫೋನ್ ಮಾಡಿ ಪಾತ್ರ ಬಂದದ್ದನ್ನು ಇವಳಿಗಿಂತ ಮೊದಲೇ ಹೇಳಿಬಿಡುತ್ತಾಳೆ.

ನೀವೇ ಲೈವ್ ಮಾಡುವವರಾದರೆ

ಇಲ್ಲಿ ಮುಂಬಯಿಯಲ್ಲೂ ತಾಳಮದ್ದಳೆ, ಭಜನೆ, ಸಂಘದ ವಾರ್ಷಿಕೋತ್ಸವ ಲೈವ್ ಮಾಡುವವರಿದ್ದಾರೆ. ನಾನೂ ಮಾಡಿದ್ದೇನೆ. ಹಾಲ್‌ನ ಅಪ್‌ಲೋಡ್ ಎಷ್ಟು ಎಂದು ಹಿಂದಿನ ದಿನವೇ ಅಳೆಯಿರಿ. ಲೈವ್ ಕಳಿಸುವ ತಂತ್ರಾಂಶ ಒಬಿಎಸ್‌ನಲ್ಲಿ ಬಿಟ್‌ರೇಟನ್ನು (ಸೆಕೆಂಡಿಗೆ ಎಷ್ಟು ಬಿಟ್ ಕಳಿಸಬೇಕು ಎಂಬುದನ್ನು) ಸ್ಥಿರವಾಗಿಟ್ಟು, ಅಳೆದದ್ದರ ಅರ್ಧ ದಾಟದಂತೆ ನೋಡಿಕೊಳ್ಳಿ. 8 ಬಂದರೆ 4. ಕೀಫ್ರೇಮ್ 2 ಸೆಕೆಂಡ್. ಸುಧಾರಿತ ಸೆಟ್ಟಿಂಗ್ಸ್‌ನಲ್ಲಿ ದಟ್ಟಣೆ ಬಂದಾಗ ಬಿಟ್‌ರೇಟ್ ತಾನೇ ಇಳಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ಮುಖ್ಯವಾಗಿ, ಹಾಲ್‌ನ ವೈಫೈ ಪಾಸ್‌ವರ್ಡನ್ನು ಸಭಿಕರಿಗೆ ಕೊಡಬೇಡಿ. ಅಧ್ಯಕ್ಷರ ಮೊಮ್ಮಗ ಕೇಳಿದರೂ.

ಇಷ್ಟೆಲ್ಲ ಆದಮೇಲೂ ಉಂಗುರ ತಿರುಗಿದರೆ ಮೊದಲು ಪಿಂಗ್ ಕಿಟಕಿ ನೋಡಿ. ಅಲ್ಲಿ 9, 10 ಎಂದಿದ್ದರೆ ತಪ್ಪು ನಿಮ್ಮ ಮನೆಯದಲ್ಲ, ಆ ಕಡೆ ಗದ್ದೆಯಲ್ಲಿ ನಿಂತು ಫೋನಿನಿಂದ ಆಟ ಕಳಿಸುತ್ತಿರುವವನ ಸಿಗ್ನಲ್‌ನದ್ದು. ಅದಕ್ಕೆ ಡೊಂಬಿವಲಿಯಿಂದ ಮಾಡಲು ಏನೂ ಇಲ್ಲ. ಈಗ ಪರದೆ ನಿಂತರೆ ಅಮ್ಮ ನನ್ನ ಲ್ಯಾಪ್‌ಟಾಪಿನ ಕಡೆ ತಿರುಗಿ ಕೇಳುವುದು ಇಷ್ಟೇ: "ಇದು ನಿನ್ನದಾ, ಅಲ್ಲಿಯದ್ದಾ?"